ಜನವರಿಯಲ್ಲಿ ಜೆಎನ್‌ಯು ಸಮ್ಮೇಳನ: ಐದು ಜನಕ್ಕೆ ಪ್ರಯಾಣ, ವಸತಿ ಹೊಂದಿಸುವುದು ಹೇಗೆ?

ಮಲಪ್ರಭಾ_ತೀರ

ಎಲ್ಲರಿಗೂ ನಮಸ್ಕಾರ. ಜನವರಿ 20, 21, 22ಕ್ಕೆ ದೆಹಲಿಯ ಜೆಎನ್‌ಯುನಲ್ಲಿ ಭಾಷಾಶಾಸ್ತ್ರದ ಸಮ್ಮೇಳನವಿದೆ. ಐದು ಜನ ಹೋಗಬೇಕು. ಧಾರವಾಡದಿಂದ ಒಬ್ಬರು ನಿವೃತ್ತ ಪ್ರಾಧ್ಯಾಪಕರು (64 ವರ್ಷ, ಮೊಣಕಾಲು ನೋವಿದೆ) ಮತ್ತು ಇಬ್ಬರು ಸಂಶೋಧನಾ ವಿದ್ಯಾರ್ಥಿನಿಯರು, ಕಲಬುರಗಿಯಿಂದ ಒಬ್ಬರು, ಮಂಗಳೂರಿನಿಂದ ಒಬ್ಬರು. ಪ್ರಾಧ್ಯಾಪಕರಿಗೆ ಆಯೋಜಕರು ಗೆಸ್ಟ್ ಹೌಸ್ ಕೊಡುತ್ತಾರೆ, ಉಳಿದವರು ತಾವೇ ನೋಡಿಕೊಳ್ಳಬೇಕು. ವಿದ್ಯಾರ್ಥಿಗಳಿಗೆ ತಲೆಗೆ ರಾತ್ರಿಗೆ ₹1,500 ದಾಟಬಾರದು.

ಸದ್ಯದ ಯೋಚನೆ ಹೀಗಿದೆ: ಧಾರವಾಡದ ಮೂವರೂ ಮಧ್ಯಾಹ್ನದ ವಂದೇ ಭಾರತ್‌ನಲ್ಲಿ ಬೆಂಗಳೂರಿಗೆ ಬಂದು, ಅದೇ ರಾತ್ರಿ ರಾಜಧಾನಿ ಹತ್ತುವುದು. ವಸತಿಗೆ ಪಹಾಡ್‌ಗಂಜ್‌ನಲ್ಲಿ ₹1,200ರ ರೂಮುಗಳು ಕಾಣಿಸುತ್ತಿವೆ. ಇದು ಸರಿಯೇ? ಈಗಿನ್ನೂ ನವೆಂಬರ್ ಮೊದಲ ವಾರ, ಏನೂ ಬುಕ್ ಮಾಡಿಲ್ಲ.

ಮುನಿರ್ಕಾ_ಗಲ್ಲಿ

ಬುಕ್ ಮಾಡದೆ ಕೇಳಿದ್ದು ಒಳ್ಳೆಯದಾಯಿತು. ದೆಹಲಿಯಲ್ಲಿ ರೂಮನ್ನು ರೈಲು ನಿಲ್ದಾಣದ ಹತ್ತಿರ ಹಿಡಿಯಬೇಡಿ. ನಿಲ್ದಾಣಕ್ಕೆ ಹೋಗುವುದು ಎರಡೇ ಸಲ. ಸಮ್ಮೇಳನಕ್ಕೆ ಮೂರು ದಿನ ಬೆಳಿಗ್ಗೆ ಹೋಗಿ ಸಂಜೆ ಬರಬೇಕು. ಪಹಾಡ್‌ಗಂಜ್ ಹೊಸದಿಲ್ಲಿ ನಿಲ್ದಾಣದ ಪಶ್ಚಿಮಕ್ಕಿದೆ, ಹಳದಿ ಮಾರ್ಗದ ಮೆಟ್ರೋ ಇರುವುದು ಆಚೆ ಅಜ್ಮೇರಿ ಗೇಟ್ ಕಡೆ. ದಿನಾ ಬೆಳಿಗ್ಗೆ ಆ ಜನಜಂಗುಳಿ ದಾಟಿ ಮೆಟ್ರೋ ಹಿಡಿದು, ಹೌಜ್ ಖಾಸ್‌ನಲ್ಲಿ ಬದಲಿಸಿ, ಮತ್ತೆ ಆಟೋ ಹಿಡಿದರೆ ಒಂದು ಕಡೆಗೇ ಒಂದು ಗಂಟೆಗೂ ಮೇಲಾಗುತ್ತದೆ. ಒಂಬತ್ತೂವರೆಗೆ ಮೊದಲ ಗೋಷ್ಠಿ ಇದ್ದವರ ಪಾಡು ಯೋಚಿಸಿ.

ಜೆಎನ್‌ಯುಗೆ ಹತ್ತಿರದ ಮೆಟ್ರೋ ಮುನಿರ್ಕಾ, ಮೆಜೆಂಟಾ ಮಾರ್ಗದಲ್ಲಿದೆ. ಹೌಜ್ ಖಾಸ್, ಐಐಟಿ, ಆರ್.ಕೆ. ಪುರಂ, ಮುನಿರ್ಕಾ, ವಸಂತ ವಿಹಾರ ಒಂದರ ಹಿಂದೊಂದು ಬರುತ್ತವೆ. ರೂಮನ್ನು ಈ ಸಾಲಿನಲ್ಲಿ ಹುಡುಕಿ.

ಮುನಿರ್ಕಾ, ಬೇರ್ ಸರಾಯ್, ಕಟ್ವಾರಿಯಾ ಸರಾಯ್‌ಗಳಲ್ಲಿ ಸಣ್ಣ ಗೆಸ್ಟ್ ಹೌಸ್‌ಗಳಿವೆ. ನಿಮ್ಮ ಬಜೆಟ್‌ಗೆ ಹೊಂದುವುದು ಇವೇ. ಆದರೆ ಹಳೆಯ ಹಳ್ಳಿಯ ಗಲ್ಲಿಗಳು, ಕಾರು ಒಳಗೆ ಬರುವುದಿಲ್ಲ, ಲಿಫ್ಟ್ ಇರುವುದು ಅಪರೂಪ. ಬುಕ್ ಮಾಡುವಾಗ ಮಹಡಿ ಎಷ್ಟನೆಯದು ಎಂದು ಕೇಳಿ. ಗ್ರೀನ್ ಪಾರ್ಕ್, ಸಫ್ದರ್‌ಜಂಗ್ ಎನ್‌ಕ್ಲೇವ್ ಕಡೆ ಮನೆಯಂಥ ಬಿ ಆ್ಯಂಡ್ ಬಿಗಳು ಸಿಗುತ್ತವೆ, ದರ ಸ್ವಲ್ಪ ಹೆಚ್ಚು, ಇಬ್ಬರು ಹಂಚಿಕೊಂಡರೆ ಹೊಂದಬಹುದು. ಮಹಿಪಾಲ್‌ಪುರ ಅಗ್ಗವೆಂದು ಎಲ್ಲ ಆ್ಯಪ್‌ಗಳೂ ಮೊದಲು ತೋರಿಸುತ್ತವೆ. ವಿಮಾನ ಹಿಡಿಯುವವರಿಗೆ ಅದು ಸರಿ. ದಿನಾ ಜೆಎನ್‌ಯುಗೆ ಓಡಾಡಲು ಹೆದ್ದಾರಿಯ ಟ್ರಾಫಿಕ್ಕೇ ದೊಡ್ಡ ತೊಡಕು.

ಇಬ್ಬರು ವಿದ್ಯಾರ್ಥಿನಿಯರಿಗೆ ಇನ್ನೊಂದು ದಾರಿ: ಸಂಸದ್ ಮಾರ್ಗ ಮತ್ತು ಅಶೋಕ ರಸ್ತೆಯಲ್ಲಿ ವೈಡಬ್ಲ್ಯೂಸಿಎ (ಮಹಿಳೆಯರ ಸಂಸ್ಥೆ) ವಸತಿಗೃಹಗಳಿವೆ. ಪಟೇಲ್ ಚೌಕ್‌ನಿಂದ ಹೌಜ್ ಖಾಸ್‌ಗೆ ನೇರ ಹಳದಿ ಮಾರ್ಗ. ದೂರವೇನೋ ಹೌದು, ಆದರೆ ಒಂದೇ ಬದಲಾವಣೆ, ರಸ್ತೆಗಳೂ ಅಗಲ. ದರ ಮಾತ್ರ ಮೊದಲೇ ಫೋನ್ ಮಾಡಿ ಕೇಳಿ.

ಇನ್ನೊಂದು ಮುಖ್ಯ ಸಂಗತಿ. ಪ್ರಾಧ್ಯಾಪಕರಿಗೆ ಸಿಗುವ ಗೆಸ್ಟ್ ಹೌಸ್ ಯಾವುದೆಂದು ಹೆಸರು ಹಿಡಿದು ಕೇಳಿ. ಅರಾವಳಿ ಗೆಸ್ಟ್ ಹೌಸ್ ಕ್ಯಾಂಪಸ್ಸಿನೊಳಗಿದೆ. ಗೋಮತಿ ಗೆಸ್ಟ್ ಹೌಸ್ ಕೂಡ ಜೆಎನ್‌ಯುನದ್ದೇ, ಆದರೆ ಇರುವುದು ಮಂಡಿ ಹೌಸ್ ಹತ್ತಿರ ಫಿರೋಜ್‌ಷಾ ರಸ್ತೆಯಲ್ಲಿ. ‘ಜೆಎನ್‌ಯು ಗೆಸ್ಟ್ ಹೌಸ್’ ಅಂತಷ್ಟೇ ಇರುವ ಪತ್ರ ನಂಬಿಕೊಂಡು ಕ್ಯಾಂಪಸ್ ಗೇಟಿಗೆ ಬಂದರೆ ಮೊಣಕಾಲು ನೋವಿರುವವರಿಗೆ ವೃಥಾ ಅಲೆದಾಟ.

ಚಾರ್ಟ್_ನೋಡುವವ

ರೈಲಿನ ವಿಷಯಕ್ಕೆ ಬರುತ್ತೇನೆ. ವಂದೇ ಭಾರತ್ ಮತ್ತು ರಾಜಧಾನಿ ಜೋಡಿಸುವ ಯೋಚನೆ ಬಿಡಿ. ಧಾರವಾಡದಿಂದ ಬರುವ ವಂದೇ ಭಾರತ್ ಕೆಎಸ್‌ಆರ್ ಬೆಂಗಳೂರು ತಲುಪುವುದು ಸಂಜೆ 7.45ರ ಸುಮಾರಿಗೆ, ರಾಜಧಾನಿ ಹೊರಡುವುದು 8ಕ್ಕೆ. ಹದಿನೈದು ನಿಮಿಷದಲ್ಲಿ ಲಗೇಜು ಹಿಡಿದು ಪ್ಲಾಟ್‌ಫಾರಂ ಬದಲಿಸಬೇಕು. ವಂದೇ ಭಾರತ್ ಅರ್ಧ ಗಂಟೆ ತಡವಾದರೆ ದುಬಾರಿ ಟಿಕೆಟ್ ಹೋಯಿತು.

ಧಾರವಾಡದವರು ದೆಹಲಿಗೆ ಹೋಗಲು ದಕ್ಷಿಣಕ್ಕೆ ಬರುವ ಅಗತ್ಯವೇ ಇಲ್ಲ. ವಾಸ್ಕೋದಿಂದ ಹಜರತ್ ನಿಜಾಮುದ್ದೀನ್‌ಗೆ ಹೋಗುವ ಗೋವಾ ಎಕ್ಸ್‌ಪ್ರೆಸ್ (12779) ದಿನಾ ಇದೆ. ಲೋಂಡಾ, ಬೆಳಗಾವಿ, ಮೀರಜ್, ಪುಣೆ ದಾರಿ. ಸಂಜೆ ಬೆಳಗಾವಿಯಲ್ಲಿ ಹತ್ತಿದರೆ ಎರಡು ರಾತ್ರಿ ಕಳೆದು ಬೆಳಿಗ್ಗೆ ನಿಜಾಮುದ್ದೀನ್. ಧಾರವಾಡದಿಂದ ಬೆಳಗಾವಿಗೆ ಬಸ್ಸು ಎಷ್ಟು ಬೇಕಾದರೂ ಇವೆ.

ತಾರೀಖಿನ ಲೆಕ್ಕ. ಮುಂಗಡ ಬುಕಿಂಗ್ ಈಗ 60 ದಿನ (2024ರ ನವೆಂಬರ್ 1ರಿಂದ, ಮೊದಲು 120 ಇತ್ತು), ಪ್ರಯಾಣದ ದಿನ ಬಿಟ್ಟು ಎಣಿಸಬೇಕು. ಜನವರಿ 17ಕ್ಕೆ ಹೊರಟರೆ 19ರ ಬೆಳಿಗ್ಗೆ ದೆಹಲಿ. 17ರ ಗಾಡಿಗೆ ಬುಕಿಂಗ್ ತೆರೆಯುವುದು ನವೆಂಬರ್ 18, ಬೆಳಿಗ್ಗೆ 8ಕ್ಕೆ. ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಣೆ ಇವತ್ತೇ ಮುಗಿಸಿ. ಅದಿಲ್ಲದ ಖಾತೆಗೆ ಬುಕಿಂಗ್ ತೆರೆದ ಮೊದಲ ಹೊತ್ತಿನಲ್ಲಿ ಟಿಕೆಟ್ ತೆಗೆಯಲು ಬಿಡುವುದಿಲ್ಲ, ತತ್ಕಾಲ್‌ಗೂ ಬಿಡುವುದಿಲ್ಲ. ಪ್ರಯಾಣಿಕರ ಹೆಸರು, ವಯಸ್ಸು ‘ಮಾಸ್ಟರ್ ಲಿಸ್ಟ್’ನಲ್ಲಿ ಮೊದಲೇ ತುಂಬಿಸಿಡಿ.

ಪ್ರಾಧ್ಯಾಪಕರು ರೈಲಲ್ಲೇ ಬರುವುದಾದರೆ ಅವರ ಟಿಕೆಟ್ ಬೇರೆ ಪಿಎನ್‌ಆರ್‌ನಲ್ಲಿ ಮಾಡಿ. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಕೆಳ ಬರ್ತ್ ಕೋಟಾ ಇದೆ. ಅಂಥವರು ಒಬ್ಬರೇ ಅಥವಾ ಇಬ್ಬರೇ ಇದ್ದ ಟಿಕೆಟ್ಟಿಗೆ ಮಾತ್ರ ಅದು ಅನ್ವಯ. ಕಿರಿಯರ ಜೊತೆ ಒಂದೇ ಟಿಕೆಟ್ ಮಾಡಿದರೆ ಕೋಟಾ ಕೈತಪ್ಪುತ್ತದೆ. ಹಿರಿಯರ ದರ ರಿಯಾಯಿತಿ 2020ರ ಮಾರ್ಚ್‌ನಿಂದ ಇಲ್ಲ, ಅದನ್ನು ನೆಚ್ಚಿ ಬಜೆಟ್ ಹಾಕಬೇಡಿ.

ಭೀಮಾದಂಡೆ

ಕಲಬುರಗಿದವ್ರಿಗಿ ಕರ್ನಾಟಕ ಎಕ್ಸ್‌ಪ್ರೆಸ್ಸೇ (12627) ಸರಿ ನೋಡ್ರಿ. ರಾಜಧಾನಿ ಸಿಕಂದರಾಬಾದ್, ನಾಗ್ಪುರ ಹಾದಿ ಹಿಡಿತದ, ನಮ್ಮ ಕಡಿ ಬರಂಗಿಲ್ಲ. ತಾರೀಖಿನ್ಯಾಗ ಒಂದು ಸೂಕ್ಷ್ಮ ಅದ. ಬೆಂಗಳೂರಿನಾಗ 17ರ ಸಂಜಿ ಬಿಟ್ಟ ಗಾಡಿ ಕಲಬುರಗಿಗಿ ಬರೋದು 18ರ ನಸುಕಿನ್ಯಾಗ. ಟಿಕೆಟ್ ಮ್ಯಾಲ ನಿಮ್ಮ ತಾರೀಖು 18 ಇರ್ತದ. ಆದ್ರ 60 ದಿನದ ಲೆಕ್ಕ ಗಾಡಿ ಮೂಲ ಸ್ಟೇಷನ್ ಬಿಡೋ ತಾರೀಖಿನಿಂದ ಹಿಡಿತಾರ. ಹಂಗಾಗಿ ನಿಮಗೂ ನವೆಂಬರ್ 18ಕ್ಕೇ ತೆರಿತದ. 19ಕ್ಕ ಅಂತ ಕುಂತ್ರ ಒಂದು ದಿನ ಕಳಕೊಂಡಂಗ.

ವೇಟಿಂಗ್ ಬಂದ್ರ ಅದರ ಹೆಸರು ನೋಡ್ರಿ. ನಡುವಿನ ಸ್ಟೇಷನ್ನಿಂದ ತೆಗೆದ್ರ ಆರ್‌ಎಲ್‌ಡಬ್ಲ್ಯೂಎಲ್ ಅಂತ ಬರ್ತದ, ಭಾಳ ನಿಧಾನ ಕರಗ್ತದ. ಬೆಂಗಳೂರಿಂದ ತೆಗೆದ್ರ ಜಿಎನ್‌ಡಬ್ಲ್ಯೂಎಲ್, ಅದು ಜಲ್ದಿ ಮುಂದ ಹೋಗ್ತದ. ಟಿಕೆಟ್ ಬೆಂಗಳೂರಿಂದ ತೆಗೆದು ಹತ್ತೋ ಸ್ಟೇಷನ್ ಕಲಬುರಗಿ ಅಂತ ಹಾಕಬಹುದು, ದರ ಮಾತ್ರ ಪೂರ್ತಿ ಕೊಡಬೇಕು. ಇಲ್ಲಂದ್ರ ಟಿಟಿಇ ನಿಮ್ಮ ಬರ್ತ್ ಬ್ಯಾರೆಯವ್ರಿಗಿ ಕೊಡೋ ಸಂಭವ ಅದ, ಅದಕ್ಕ ಹತ್ತೋ ಸ್ಟೇಷನ್ ಹಾಕೋದು ಮರೀಬ್ಯಾಡ್ರಿ.

ಲೆಕ್ಕಪತ್ರ

ಭೀಮಾದಂಡೆಯವರ ಉಪಾಯಕ್ಕೆ ಒಂದು ಎಚ್ಚರಿಕೆ. ಟಿಕೆಟ್ಟಿನಲ್ಲಿ ಬೆಂಗಳೂರು–ಹೊಸದಿಲ್ಲಿ ದರ ಇರುತ್ತದೆ, ಪ್ರಯಾಣ ಕಲಬುರಗಿಯಿಂದ. ಪ್ರಯಾಣ ಭತ್ಯೆಯ (ಟಿಎ) ಬಿಲ್ಲಿನಲ್ಲಿ ಆಡಿಟ್ ಆಕ್ಷೇಪಣೆ ಬರುವುದು ಇಂಥಲ್ಲೇ. ಹೆಚ್ಚಿನ ಹಣವನ್ನು ತಾವೇ ಭರಿಸುವುದಾಗಿ ಬರೆದುಕೊಡಿ, ಇಲ್ಲವೇ ಮೊದಲೇ ಲಿಖಿತ ಅನುಮತಿ ಪಡೆಯಿರಿ.

ಹಣದ ಮೂಲ ಯಾವುದೆಂದು ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಗೊತ್ತುಮಾಡಿಕೊಳ್ಳಿ: ಆಯೋಜಕರು, ನಿಮ್ಮ ವಿಶ್ವವಿದ್ಯಾಲಯ, ಇಲ್ಲವೇ ಯಾವುದಾದರೂ ಯೋಜನೆಯ ಅನುದಾನ. ಕೇಂದ್ರ ಸರ್ಕಾರದ ನಿಯಮ ಅನ್ವಯಿಸುವ ಹಣವಾದರೆ ವಿಮಾನ ಟಿಕೆಟ್ಟನ್ನು ಬಾಮರ್ ಲಾರಿ, ಅಶೋಕ್ ಟ್ರಾವೆಲ್ಸ್, ಐಆರ್‌ಸಿಟಿಸಿ ಈ ಮೂರು ಏಜೆನ್ಸಿಗಳಲ್ಲೇ ತೆಗೆಯಬೇಕು. 2022ರ ಜೂನ್‌ನ ಸೂಚನೆ ಪ್ರಕಾರ ಪ್ರಯಾಣಕ್ಕೆ 21 ದಿನ ಮೊದಲೇ ತೆಗೆಯುವುದು, ಆ ಹೊತ್ತಿನ ಅತಿ ಕಡಿಮೆ ದರದ್ದನ್ನೇ ತೆಗೆಯುವುದು. ಬೇರೆ ಆ್ಯಪ್‌ನಲ್ಲಿ ₹300 ಉಳಿಯಿತೆಂದು ತೆಗೆದವರಿಗೆ ಇಡೀ ಮೊತ್ತವೇ ತಿರಸ್ಕಾರವಾಗಬಹುದು. ನಿವೃತ್ತರಿಗೆ ಆಯೋಜಕರು ಯಾವ ದರ್ಜೆ ಕೊಡುತ್ತಾರೆಂದು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ‘ಟಿಎ ನಿಯಮಾನುಸಾರ’ ಎಂಬ ಒಂದು ಸಾಲು ಸಾಲದು, ಯಾರ ನಿಯಮ ಎಂಬುದೇ ಅಲ್ಲಿ ಪ್ರಶ್ನೆ.

ರೂಮಿನ ಬಿಲ್ಲು: ತಂಗಿದವರ ಹೆಸರು, ಬಂದ ಹೋದ ತಾರೀಖು, ಹೋಟೆಲಿನ ಜಿಎಸ್‌ಟಿ ಸಂಖ್ಯೆ ಇರಬೇಕು. ಆ್ಯಪ್‌ನ ‘ಬುಕಿಂಗ್ ಖಚಿತ’ ಸಂದೇಶ ಬಿಲ್ಲಲ್ಲ. ಇಬ್ಬರು ಒಂದು ರೂಮಿನಲ್ಲಿದ್ದರೆ ಇಬ್ಬರ ಹೆಸರಲ್ಲಿ ಬೇರೆ ಬೇರೆ ಬಿಲ್ಲು ಕೊಡಲು ಚೆಕ್-ಇನ್ ಆಗುವಾಗಲೇ ಹೇಳಿ. ಹೊರಡುವ ಗಡಿಬಿಡಿಯಲ್ಲಿ ಕೇಳಿದರೆ ಸಿಗುವುದಿಲ್ಲ. ದಿನಕ್ಕೆ ₹7,500ರವರೆಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 5. ಹಳೆಯ ಶೇ 12 ಹಾಕಿದ್ದರೆ ತಿದ್ದಿಸಿ.

ಬೋರ್ಡಿಂಗ್ ಪಾಸ್ ಎರಡೂ ಕಡೆಯದ್ದು ಬೇಕು. ಮೊಬೈಲಿನಲ್ಲಿದ್ದರೆ ಆ ದಿನವೇ ಪಿಡಿಎಫ್ ಉಳಿಸಿಕೊಳ್ಳಿ. ಹಾಜರಾತಿ ಪ್ರಮಾಣಪತ್ರದಲ್ಲಿ ಮೂರೂ ದಿನದ ತಾರೀಖು ಇದೆಯೇ ನೋಡಿ. ಕೇಂದ್ರದ ನಿಯಮದಲ್ಲಿ ಪ್ರವಾಸ ಮುಗಿದ 60 ದಿನದೊಳಗೆ ಬಿಲ್ಲು ಸಲ್ಲಿಸಬೇಕು.

ಕುಡ್ಲದಾಯೆ

ಮಂಗಳೂರಿನವರಿಗೆ ಮಂಗಳಾ ಲಕ್ಷದ್ವೀಪ (12617) ಉಂಟು, ದಿನಾ. ಒಂದು ವಿಷಯ ಮಾರಾಯ್ರೇ, ಅದು ಮಂಗಳೂರು ಸೆಂಟ್ರಲ್‌ಗೆ ಬರುವುದಿಲ್ಲ, ಕಂಕನಾಡಿಯ ಜಂಕ್ಷನ್‌ನಲ್ಲಿ ಹತ್ತಬೇಕು. 17ರ ರಾತ್ರಿ ಹತ್ತಿದರೆ 19ರ ಮಧ್ಯಾಹ್ನ ನಿಜಾಮುದ್ದೀನ್. ವಾಪಸ್ ಗಾಡಿ ನಿಜಾಮುದ್ದೀನ್‌ನಿಂದ ಬೆಳಗಿನ ಜಾವ ಹೊರಡುತ್ತದೆ, ಆ ಹೊತ್ತಿಗೆ ಮೆಟ್ರೋ ಶುರುವಾಗಿರುವುದಿಲ್ಲ. ಕ್ಯಾಬನ್ನು ಹಿಂದಿನ ರಾತ್ರಿಯೇ ಹೇಳಿಡಿ.

ಮಂಜು_ಮುಸುಕು

ಎಲ್ಲರೂ ಹೋಗುವ ದಿನದ ಬಗ್ಗೆ ಹೇಳಿದ್ದಾರೆ, ಯಾವ ತಿಂಗಳು ಅನ್ನುವುದನ್ನು ಯಾರೂ ಎತ್ತಲಿಲ್ಲ. ಜನವರಿ ಮೂರನೇ ವಾರ ದೆಹಲಿಗೆ ಎರಡು ತೊಂದರೆ ಒಟ್ಟಿಗೆ ತರುತ್ತದೆ: ದಟ್ಟ ಮಂಜು, ಗಣರಾಜ್ಯೋತ್ಸವದ ತಾಲೀಮು.

ಮಂಜು ಸಾಮಾನ್ಯವಾಗಿ ನಡುರಾತ್ರಿಯಿಂದ ಬೆಳಿಗ್ಗೆ ಹತ್ತರವರೆಗೆ. ಓಡುದಾರಿಯಲ್ಲಿ ಕ್ಯಾಟ್-3 (ದಟ್ಟ ಮಂಜಿನಲ್ಲೂ ವಿಮಾನ ಇಳಿಸಲು ನೆರವಾಗುವ) ಉಪಕರಣ ಇದ್ದರೆ ಸಾಲದು, ವಿಮಾನಕ್ಕೂ ಆ ಸಾಮರ್ಥ್ಯ ಬೇಕು, ಪೈಲಟ್‌ಗೂ ಆ ತರಬೇತಿ ಬೇಕು. ಮೂರರಲ್ಲಿ ಒಂದಿಲ್ಲದಿದ್ದರೆ ವಿಮಾನ ಜೈಪುರಕ್ಕೋ ಲಖನೌಗೋ ತಿರುಗುತ್ತದೆ. ಬೆಳಗಿನ ಮೊದಲ ವಿಮಾನ ಅಗ್ಗವಾಗಿ ಕಾಣುವುದು ಇದೇ ಋತುವಿನಲ್ಲಿ, ತೆಗೆಯಬೇಡಿ.

ಇನ್ನು ತಾಲೀಮು. ಗಣರಾಜ್ಯೋತ್ಸವಕ್ಕೆ ಮುಂಚಿನ ವಾರ ದೆಹಲಿ ವಿಮಾನ ನಿಲ್ದಾಣದಲ್ಲಿ ದಿನಾ ಬೆಳಿಗ್ಗೆ ಎರಡು ಗಂಟೆಗೂ ಹೆಚ್ಚು ಹೊತ್ತು ಹಾರಾಟ ನಿಲ್ಲಿಸುವ ರೂಢಿಯಿದೆ. 2025ರಲ್ಲಿ ಜನವರಿ 19ರಿಂದ 26ರವರೆಗೆ 10.20ರಿಂದ 12.45 ತನಕ ನಿಂತಿತ್ತು. ನಿಲುಗಡೆ ಮುಗಿದ ಕೂಡಲೇ ಕಾದಿದ್ದ ವಿಮಾನಗಳೆಲ್ಲ ಒಮ್ಮೆಗೇ ಇಳಿಯುತ್ತವೆ. ಆದ್ದರಿಂದ ಮಧ್ಯಾಹ್ನ 2ರಿಂದ 5ರೊಳಗೆ ಇಳಿಯುವ ವಿಮಾನ ಹುಡುಕಿ. ಬೆಂಗಳೂರು–ದೆಹಲಿ ಎರಡೂ ಮುಕ್ಕಾಲು ಗಂಟೆ, ಅಂದರೆ ಹನ್ನೊಂದೂವರೆಯ ಮೇಲೆ ಹೊರಡುವುದು. ಹುಬ್ಬಳ್ಳಿ, ಬೆಳಗಾವಿಯ ವೇಳಾಪಟ್ಟಿಯನ್ನು ಮೊದಲು ನೋಡಿ, ಪ್ರಾಧ್ಯಾಪಕರಿಗೆ ಬೆಂಗಳೂರಿನ ಸುತ್ತು ತಪ್ಪಬಹುದು.

ಟರ್ಮಿನಲ್ ಸಂಖ್ಯೆ ಟಿಕೆಟ್ಟಿನಲ್ಲಿ ನೋಡಿ. ಟಿ1 ಆದರೆ ಮೆಜೆಂಟಾ ಮಾರ್ಗ ಅಲ್ಲೇ ಇದೆ: ಶಂಕರ್ ವಿಹಾರ, ವಸಂತ ವಿಹಾರ, ಮುನಿರ್ಕಾ, ಮೂರನೇ ನಿಲ್ದಾಣ. ಟಿ3 ಆದರೆ ಮೆಟ್ರೋದಲ್ಲಿ ಎರಡು ಮೂರು ಸಲ ಬದಲಿಸಬೇಕಾಗುತ್ತದೆ, ಟ್ಯಾಕ್ಸಿಯೇ ಮೇಲು. ಗಾಲಿಕುರ್ಚಿಯನ್ನು ಟಿಕೆಟ್ ತೆಗೆಯುವಾಗಲೇ ಕೇಳಿಡಿ, ಟಿ3ರಲ್ಲಿ ನಡಿಗೆ ಬಹಳ.

ರೈಲೂ ಮಂಜಿಗೆ ಹೊರತಲ್ಲ. ಆಗ್ರಾ, ಮಥುರಾ ಆಸುಪಾಸಿನಿಂದ ವೇಗ ಇಳಿಯುತ್ತದೆ, ನಾಲ್ಕೈದು ಗಂಟೆ ತಡವೆಂದರೆ ಆಶ್ಚರ್ಯವಿಲ್ಲ. 19ರ ಬೆಳಿಗ್ಗೆ ತಲುಪುವಂತೆ ಹಾಕಿದ್ದು ಸರಿ. 20ರ ಬೆಳಿಗ್ಗೆ ತಲುಪಿ ನೇರ ಗೋಷ್ಠಿಗೆ ಹೋಗುವ ಲೆಕ್ಕ ಯಾರೂ ಹಾಕಬೇಡಿ.

ಮಲಪ್ರಭಾ_ತೀರ

ಎಲ್ಲರಿಗೂ ತುಂಬಾ ಧನ್ಯವಾದ. ಯೋಜನೆ ಬದಲಿಸಿದ್ದೇನೆ. ವಿದ್ಯಾರ್ಥಿನಿಯರು 17ಕ್ಕೆ ಬೆಳಗಾವಿಯಿಂದ ಗೋವಾ ಎಕ್ಸ್‌ಪ್ರೆಸ್, ಪ್ರಾಧ್ಯಾಪಕರು 19ಕ್ಕೆ ಮಧ್ಯಾಹ್ನದ ವಿಮಾನ. ಉಳಿದಿಬ್ಬರು ತಂತಮ್ಮ ರೈಲು. ಮುನಿರ್ಕಾದಲ್ಲಿ ಎರಡು ರೂಮು. ಪ್ರಶ್ನೆಗಳು: ನಿಜಾಮುದ್ದೀನ್‌ನಿಂದ ಮುನಿರ್ಕಾ ದಾರಿ ಹೇಗೆ? ಬೆಳಿಗ್ಗೆ ಬಂದವರಿಗೆ ರೂಮು ಕೊಡುತ್ತಾರೆಯೇ? ಒಬ್ಬರದ್ದು ಎ0 ಪೋಸ್ಟರ್, ಅದನ್ನು ಎಲ್ಲಿ ಮುದ್ರಿಸುವುದು? 23ಕ್ಕೆ ವಾಪಸ್ ಬರಬಹುದೇ?

ಮುನಿರ್ಕಾ_ಗಲ್ಲಿ

ದಾರಿ: ನಿಜಾಮುದ್ದೀನ್ ನಿಲ್ದಾಣಕ್ಕೆ ಹೊಂದಿಕೊಂಡಂತೆ ಗುಲಾಬಿ ಮಾರ್ಗದ ಸರಾಯ್ ಕಾಲೇ ಖಾನ್–ನಿಜಾಮುದ್ದೀನ್ ಮೆಟ್ರೋ. ಅಲ್ಲಿಂದ ಐಎನ್‌ಎ. ಹಳದಿಗೆ ಬದಲಿಸಿ ಹೌಜ್ ಖಾಸ್, ನಡುವೆ ಏಮ್ಸ್, ಗ್ರೀನ್ ಪಾರ್ಕ್. ಮೆಜೆಂಟಾಗೆ ಬದಲಿಸಿ ಮುನಿರ್ಕಾ. ಹೌಜ್ ಖಾಸ್‌ನಲ್ಲಿ ಮೆಜೆಂಟಾ ಬಹಳ ಆಳದಲ್ಲಿದೆ, ಎಸ್ಕಲೇಟರ್ ಮೇಲೆ ಎಸ್ಕಲೇಟರ್, ಲಗೇಜಿದ್ದರೆ ಹತ್ತು ನಿಮಿಷ ಇಟ್ಟುಕೊಳ್ಳಿ. ದರ 2025ರ ಆಗಸ್ಟ್‌ನಲ್ಲಿ ಏರಿದೆ, ಆದರೂ ತೀರಾ ದೂರಕ್ಕೇ ₹64. (ಐಎನ್‌ಎಯಲ್ಲಿ ಇಳಿಯದೆ ಮುಂದೆ ಹೋದರೆ ‘ಸರ್ ಎಂ. ವಿಶ್ವೇಶ್ವರಯ್ಯ ಮೋತಿ ಬಾಗ್’ ಎಂಬ ನಿಲ್ದಾಣವೇ ಸಿಗುತ್ತದೆ. ಆ ಫಲಕ ಕಂಡರೆ ಖುಷಿಪಡಿ, ಆದರೆ ಇಳಿಯಬೇಕಾದ ಜಾಗ ದಾಟಿದೆ ಎಂದರ್ಥ.)

ರೂಮು: ಚೆಕ್-ಇನ್ ಹೆಚ್ಚಿನ ಕಡೆ ಮಧ್ಯಾಹ್ನ 12. ಬೇಗ ಕೊಡುತ್ತಾರೆಯೇ ಎಂದು ಆ್ಯಪ್‌ನಲ್ಲಿ ಬರೆದರೆ ಸಾಲದು, ಫೋನ್ ಮಾಡಿ ಕೇಳಿ. ಇಲ್ಲವೆಂದರೆ ನಿಜಾಮುದ್ದೀನ್‌ನ ವಿಶ್ರಾಂತಿ ಕೊಠಡಿಯನ್ನು ಪಿಎನ್‌ಆರ್ ಹಾಕಿ ಐಆರ್‌ಸಿಟಿಸಿಯಲ್ಲಿ ಕಾಯ್ದಿರಿಸಿ. ಫೋನಿನಲ್ಲೇ ಇನ್ನು ಮೂರು ಕೇಳಿ: ಗೀಸರ್ ಇದೆಯೇ, ಒಬ್ಬೊಬ್ಬರಿಗೆ ಒಂದೊಂದು ರಜಾಯಿ ಕೊಡುತ್ತಾರೆಯೇ, ಹೀಟರ್‌ಗೆ ಬೇರೆ ದುಡ್ಡೇ? ನಮ್ಮೂರಿನವರು ರೂಮಿನ ಚಿತ್ರದಲ್ಲಿ ಎಸಿ ನೋಡುತ್ತಾರೆ. ಜನವರಿಯಲ್ಲಿ ರಾತ್ರಿ 7–8 ಡಿಗ್ರಿಗೆ ಇಳಿಯುತ್ತದೆ, ಗೋಡೆಗಳೇ ತಣ್ಣಗೆ ಕೊರೆಯುತ್ತವೆ. ಕಿಟಕಿ ಇಲ್ಲದ ರೂಮಿನಲ್ಲಿ ಹೀಟರ್ ಹಚ್ಚಿಟ್ಟು ಮಲಗಬೇಡಿ. ಕಲ್ಲಿದ್ದಲಿನ ಅಂಗೀಠಿ (ಅಗ್ಗಿಷ್ಟಿಕೆ) ಕೊಟ್ಟರೆ ಯಾವ ಕಾರಣಕ್ಕೂ ಒಳಗೆ ಬಿಟ್ಟುಕೊಳ್ಳಬೇಡಿ, ಅದರ ಹೊಗೆ ಪ್ರಾಣ ತೆಗೆಯುತ್ತದೆ. ಗಾಳಿಯ ಮಾಲಿನ್ಯಕ್ಕೆ ತಲೆಗೆ ಮೂರು ನಾಲ್ಕು ಎನ್95 ಮಾಸ್ಕ್ ಇರಲಿ.

ಪೋಸ್ಟರ್: ಎ0 ಅಂದರೆ 841×1189 ಮಿಲಿಮೀಟರ್. ನಿಲುವೋ ಅಡ್ಡವೋ ಎಂದು ಆಯೋಜಕರನ್ನು ಕೇಳಿ, ಫಲಕದ ಅಗಲ ಕಡಿಮೆಯಿದ್ದರೆ ಅಡ್ಡ ಪೋಸ್ಟರ್ ಹೊರಚಾಚುತ್ತದೆ. ಊರಲ್ಲೇ ಬಟ್ಟೆಯ ಮೇಲೆ ಮುದ್ರಿಸಿದರೆ ಮಡಚಿ ಚೀಲದಲ್ಲಿಡಬಹುದು. ಬೇರ್ ಸರಾಯ್‌ನಲ್ಲಿ ಜೆರಾಕ್ಸ್, ಮುದ್ರಣದ ಅಂಗಡಿಗಳು ಸಾಲಾಗಿವೆ, ಆದರೆ ಕನ್ನಡ ಅಕ್ಷರವಿರುವ ಫೈಲನ್ನು ಅಲ್ಲಿ ತೆರೆಸಿದರೆ ಒತ್ತಕ್ಷರ ಒಡೆದುಹೋಗುವ ಅಪಾಯವಿದೆ. ಫಾಂಟ್ ಸೇರಿಸಿದ ಪಿಡಿಎಫ್ ಮಾತ್ರ ಕೊಡಿ.

ಗೇಟು: ಜೆಎನ್‌ಯು ಸಾವಿರ ಎಕರೆಯ ಕ್ಯಾಂಪಸ್. ‘ಜೆಎನ್‌ಯು’ ಎಂದಷ್ಟೇ ಕ್ಯಾಬ್‌ಗೆ ಹಾಕಬೇಡಿ, ಉತ್ತರ ದ್ವಾರ ಹಾಕಿ. ಆಹ್ವಾನ ಪತ್ರ, ಗುರುತಿನ ಚೀಟಿ, ಕರೆದವರ ಹೆಸರು ಮತ್ತು ವಿಭಾಗ ಕೈಯಲ್ಲಿರಲಿ. ಗೋಷ್ಠಿ ಕನ್ವೆನ್ಷನ್ ಸೆಂಟರಿನಲ್ಲೋ ಯಾವುದಾದರೂ ಸ್ಕೂಲಿನ ಕಟ್ಟಡದಲ್ಲೋ ಗೊತ್ತಿರಲಿ. 615ನೇ ನಂಬರಿನ ಬಸ್ಸು ಕ್ಯಾಂಪಸ್ಸಿನೊಳಗೇ ಇರುವ ಪೂರ್ವಾಂಚಲ ಎಂಬ ಭಾಗದವರೆಗೆ ಹೋಗುತ್ತದೆ.

ಚಾರ್ಟ್_ನೋಡುವವ

23ಕ್ಕೆ ವಾಪಸ್ ಆಗಬಹುದು. ಗೋವಾ ಎಕ್ಸ್‌ಪ್ರೆಸ್ (12780) ನಿಜಾಮುದ್ದೀನ್ ಬಿಡುವುದು ಮಧ್ಯಾಹ್ನ 3ರ ಸುಮಾರಿಗೆ, ಬುಕಿಂಗ್ ತೆರೆಯುವುದು ನವೆಂಬರ್ 24. ಕಲಬುರಗಿಯವರ ಕರ್ನಾಟಕ ಎಕ್ಸ್‌ಪ್ರೆಸ್ (12628) ಹೊಸದಿಲ್ಲಿಯಿಂದ ರಾತ್ರಿ 8ರ ನಂತರ, ಅದಕ್ಕೂ ಅದೇ ದಿನ. 22ರ ಸಂಜೆ ಸಮಾರೋಪ ಬಿಟ್ಟು ರೈಲಿಗೆ ಓಡುವ ಯೋಚನೆ ಬೇಡ.

ಮಂಜು_ಮುಸುಕು

ಒಂದು ಸೇರಿಸುತ್ತೇನೆ. 23ಕ್ಕೆ ಸಾಮಾನ್ಯವಾಗಿ ಪೂರ್ಣ ಉಡುಪಿನ ತಾಲೀಮು. ಕರ್ತವ್ಯ ಪಥದಿಂದ ಕೆಂಪುಕೋಟೆಯವರೆಗಿನ ರಸ್ತೆಗಳು ಬೆಳಿಗ್ಗೆ ಮುಚ್ಚಿರುತ್ತವೆ. ಆ ದಿನ ನಿಜಾಮುದ್ದೀನ್‌ಗೆ ಕ್ಯಾಬ್ ಬೇಡ, ಬಂದ ಮೆಟ್ರೋ ದಾರಿಯಲ್ಲೇ ಹೋಗಿ. ಪ್ರವೇಶದ ತಪಾಸಣೆಯ ಸಾಲು ಆ ವಾರ ಉದ್ದವಿರುತ್ತದೆ, ಅರ್ಧ ಗಂಟೆ ಹೆಚ್ಚು ಇಟ್ಟುಕೊಳ್ಳಿ. ಪ್ರಾಧ್ಯಾಪಕರ ವಿಮಾನ 23ಕ್ಕಾದರೆ ಅದೂ ಮಧ್ಯಾಹ್ನ 2ರ ನಂತರದ್ದೇ ಇರಲಿ.

ಲೆಕ್ಕಪತ್ರ

23ರ ರೂಮು ಬಾಡಿಗೆ ಮತ್ತು ದಿನಭತ್ಯೆಯನ್ನು ಸಮ್ಮೇಳನದ ನಂತರದ ದಿನವೆಂದು ಕಡಿತ ಮಾಡುವವರಿದ್ದಾರೆ. ಹೊರಡುವ ಮೊದಲು ಅನುಮತಿ ಆದೇಶದಲ್ಲಿ ‘ಜನವರಿ 17ರಿಂದ 25, ಪ್ರಯಾಣದ ದಿನಗಳೂ ಸೇರಿ’ ಎಂದು ಬರೆಸಿಕೊಳ್ಳಿ. ಕಚೇರಿಯ ಟಿಪ್ಪಣಿಗೆ ನವೆಂಬರ್ 18ರ ಮೊದಲೇ ಸಹಿಯಾದರೆ, ಟಿಕೆಟ್ಟಿನ ತಾರೀಖು ಅನುಮತಿಗಿಂತ ಹಿಂದಿನದೆಂಬ ಆಕ್ಷೇಪವೂ ಬರುವುದಿಲ್ಲ.

ಮಲಪ್ರಭಾ_ತೀರ

ಟಿಪ್ಪಣಿ ನಾಳೆಯೇ ಇಡುತ್ತೇನೆ. ಗೆಸ್ಟ್ ಹೌಸ್ ಯಾವುದೆಂದು ಆಯೋಜಕರಿಗೆ ಬರೆದಾಯಿತು. ಗೋಮತಿ ಎಂದು ಉತ್ತರ ಬಂದಿದೆ, ಅರಾವಳಿಗೆ ಬದಲಿಸಲು ಕೇಳಿದ್ದೇನೆ.